ಹುಳು ಮಲಗಿದ್ದ ದಿನ

(ಆರನೆಯ ಕಂತು)

"ಅವತ್ತು ನಾನು ಒಂದೇ ಒಂದು ಸಲ ಕೂಗಿದ್ದಿದ್ರೆ ಸಾಕಾಗಿತ್ತು."

ಸುನೀಲ್‌ಕುಮಾರನ ದನಿ ನಡುಗಿತು. ಮೈಕು ಕುಂಯ್ಗುಟ್ಟಿತು. ಅವನು ಅದನ್ನು ಬಾಯಿಂದ ತುಸು ದೂರ ಹಿಡಿದು ಕರ್ಚೀಫಿನಿಂದ ಕಣ್ಣೊರೆಸಿಕೊಂಡ.

"ಮಧ್ಯಾಹ್ನ ನಾನು ರೇಷ್ಮೆ ತೋಟದಲ್ಲಿ ಸೊಪ್ಪು ಕೊಯ್ತಿದ್ದೆ. ಕವಿತ ಬಿಂದಿಗೆ ಹಿಡ್ಕೊಂಡು ಬಾವಿ ಕಡೆ ಒಬ್ಬಳೇ ಹೋಗ್ತಿದ್ಳು. ಕಟ್ಟೆ ಮೇಲೆ ಪಾಚಿ ಇದೆ, ಹುಷಾರು ಕಣೇ ಅಂತ ಒಂದು ಮಾತು ಹೇಳಿದ್ದಿದ್ರೆ ಇವತ್ತು ಅವಳೂ ನಿಮ್ಮ ಜೊತೆ ಸೀರೆ ಉಟ್ಕೊಂಡು ಕೂತಿರೋಳು. ಮಂಕರಿ ತುಂಬಿಸೋ ಅವಸರ ನಂಗೆ. ಆಗಿನ ಇನ್‌ಸ್ಪೆಕ್ಟರ್‌ಗೆ ಹೇಳಿದ್ದೆ. ನಿಮಗ್ಯಾರಿಗೂ ಇಷ್ಟು ವಿವರವಾಗಿ ಹೇಳೋಕೆ ಆಗಿರ್ಲಿಲ್ಲ. ಇವತ್ತು ಹೇಳ್ಬಿಟ್ಟೆ."

ಎರ್ರಗುಂಟೇನಹಳ್ಳಿ ಪ್ರೌಢಶಾಲೆಯ ಅಂಗಳದಲ್ಲಿ ಹಾಕಿದ್ದ ಶಾಮಿಯಾನ ಗಪ್‌ಚುಪ್ಪಾಯಿತು. ಹಳೆಯ ವಿದ್ಯಾರ್ಥಿಗಳ ಗುರುವಂದನೆ ಎಂದ ಮೇಲೆ ಒಂದಿಷ್ಟು ಅಳು ಇರಲೇಬೇಕು. ಹೆಂಗಸರೆಲ್ಲ ವಾಟ್ಸಾಪಿನಲ್ಲಿ ವಾರಗಟ್ಟಲೆ ಜಗಳವಾಡಿ ಒಂದೇ ಬಣ್ಣದ ಸೀರೆ ಉಟ್ಟು ಬಂದಿದ್ದರು. ಗಂಡಸರು ಒಂದೇ ಬಣ್ಣದ ಅಂಗಿ ಹೊಲಿಸಿದ್ದರು, ಆದರೆ ಅಳತೆ ಕೊಡುವಾಗ ಹೊಟ್ಟೆಯನ್ನು ಒಳಗೆಳೆದುಕೊಂಡಿದ್ದರೆಂದು ಗುಂಡಿಗಳು ಹೇಳುತ್ತಿದ್ದವು. ಬೆಳಗಿನಿಂದ ಕೀಟಲೆ ಮಾಡುತ್ತಿದ್ದ ಅವರೆಲ್ಲ ಈಗ ತಲೆ ತಗ್ಗಿಸಿ ಕೂತಿದ್ದರು.

ವೇದಿಕೆಯ ಹಿಂದೆ, ಹತ್ತನೇ ತರಗತಿಯ ಗುಂಪು ಫೋಟೋವನ್ನು ದೊಡ್ಡದು ಮಾಡಿಸಿ ಫ್ಲೆಕ್ಸ್ ಕಟ್ಟಿದ್ದರು. ಎರಡನೇ ಸಾಲಿನ ಕೊನೆಯಲ್ಲಿ ನಿಂತಿದ್ದ ಕವಿತಳ ಮುಖದ ಸುತ್ತ ಒಂದು ಹೂವಿನ ಚೌಕಟ್ಟು ಮೂಡಿಸಿದ್ದರು. ಬೆಳಿಗ್ಗೆ ಈ ಫೋಟೋ ತೆಗೆಸಿಕೊಂಡ ಹುಡುಗಿ ಅದೇ ಸಂಜೆ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಾಲು ಜಾರಿ ಬಿದ್ದಳು ಎಂದು ಪೊಲೀಸರು ಬರೆದು ಮುಗಿಸಿದ್ದರು. ಆ ಬರಹಕ್ಕೆಲ್ಲ ಆಧಾರವೆಂದರೆ ಸುನೀಲನ ಈ ಮಾತೊಂದೇ.

ಮುಂದಿನ ಸಾಲಿನಲ್ಲಿ ಕೂತಿದ್ದ ಪದ್ಮಶ್ರೀ ಕಣ್ಣೊರೆಸಿಕೊಳ್ಳಲಿಲ್ಲ. ಈಗ ಅವಳು ಗೌರಿಬಿದನೂರಿನಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್. ಕಣ್ಣೀರನ್ನು ಕಂಡಕೂಡಲೇ ನಂಬುವ ಕೆಲಸ ಅವಳದಲ್ಲ. ಆದರೂ ಸುನೀಲನ ಕಣ್ಣೀರನ್ನು ಅವಳು ನಂಬಿದಳು. ಒಂದನೇ ತರಗತಿಯಿಂದ ನೋಡಿದ ಮುಖ, ನಟಿಸಲು ಬಾರದ ಮುಖ. ಅದಕ್ಕೇ ಅವಳಿಗೆ ಕಷ್ಟವಾಗುತ್ತಿತ್ತು. ಬೆಳಿಗ್ಗೆ ತಾನೇ, ಮಗಳು ಕಾಲು ಜಾರಿ ಬಿದ್ದಳೆಂದು ಇಂದಿಗೂ ಒಪ್ಪದ ಕವಿತಳ ತಾಯಿ ಓಬಳಮ್ಮನ ಕೈ ಹಿಡಿದು, "ನಿಜ ಏನೇ ಇರ್ಲಿ, ಯಾರೇ ಇರ್ಲಿ, ಗೊತ್ತಾದ ತಕ್ಷಣ ನಿಮಗೇ ಮೊದಲು ಹೇಳ್ತೀನಿ" ಎಂದು ಮಾತು ಕೊಟ್ಟು ಬಂದಿದ್ದಳು.

ನಿರೂಪಣೆ ಮಾಡುತ್ತಿದ್ದ ತನುಜ ಮೈಕು ಕಸಿದುಕೊಂಡು, "ಈಗ ನಮ್ಮ ಲೆಕ್ಕದ ಮೇಷ್ಟ್ರು ಎರಡು ಮಾತಾಡ್ತಾರೆ. ಸಾರ್, ಎರಡೇ ಮಾತು. ಮುದ್ದೆ ಆರಿಹೋಗುತ್ತೆ" ಎಂದಳು. ಅಳುತ್ತಿದ್ದವರು ಅರ್ಧ ನಕ್ಕರು.

ಚೆನ್ನರಾಯಪ್ಪ ಮೇಷ್ಟ್ರಿಗೆ ಎಂಬತ್ತರ ಹತ್ತಿರ ವಯಸ್ಸು. ಹಾರ, ಶಾಲು, ಪೇಟ ಎಲ್ಲವನ್ನೂ ಹೊತ್ತು ಮದುಮಗನಂತೆ ಕೂತಿದ್ದವರು ನಿಧಾನವಾಗಿ ಎದ್ದರು.

"ಸುನೀಲಪ್ಪ ಅಳಿಸ್ಬಿಟ್ಟ. ನಾನು ನಗಿಸ್ತೀನಿ. ನಿಮಗೆ ಗೊತ್ತಿಲ್ಲದ ಒಂದು ಗುಟ್ಟು ಹೇಳ್ತೀನಿ ಕೇಳ್ರಪ್ಪ. ಹಾಜರಿ ಕೂಗೋಕೆ ಮುಂಚೆ ನಾನು ದಿನಾ ಏನು ಕೇಳ್ತಿದ್ದೆ?"

"ನಿಮ್ಮನೆ ಹುಳು ಹೇಗಿದಾವೆ!" ಎಂದು ನಡುವಯಸ್ಸಿನ ಗುಂಪೆಲ್ಲ ಒಕ್ಕೊರಲಿನಿಂದ ಕೂಗಿತು.

"ಹಾಂ. ಮೇಷ್ಟ್ರಿಗೆ ನಮ್ಮನೆ ಮೇಲೆ ಎಷ್ಟು ಅಕ್ಕರೆ ಅಂದ್ಕೊಂಡಿದ್ರಿ ನೀವು. ಅಕ್ಕರೆ ಅಲ್ಲ, ಲೆಕ್ಕ! ಹುಳು ಮೇಯ್ತಾ ಇದ್ರೆ ನೀವೆಲ್ಲ ಸೊಪ್ಪು ಕೊಯ್ಯೋಕೆ ಚಕ್ಕರ್. ಹುಳು ಜ್ವರಕ್ಕೆ ಮಲಗಿದ್ರೆ ಮನೇಲಿ ಕೆಲಸ ಇಲ್ಲ, ಆಗ ಇಸ್ಕೂಲಿಗೆ ಬರ್ತಿದ್ರಿ. ಅದಕ್ಕೇ ನಾನು ಪರೀಕ್ಷೆ ಇಟ್ರೆ ಜ್ವರದ ದಿನ, ಬೈಯೋದಿದ್ರೆ ಜ್ವರದ ದಿನ. ಈ ಫೋಟೋ ನೋಡಿ." ಅವರು ತಿರುಗಿ ಫ್ಲೆಕ್ಸಿನತ್ತ ಕೈ ತೋರಿಸಿದರು. "ಫೋಟೋದವನು ಸೋಮವಾರ ಬರ್ತೀನಿ ಅಂದ. ಬೇಡಪ್ಪ, ಬೆಂಚೆಲ್ಲ ಖಾಲಿ ಇರುತ್ತೆ, ಗುರುವಾರ ಬಾ, ಅಷ್ಟೊತ್ತಿಗೆ ನಾಲ್ಕನೇ ಜ್ವರಕ್ಕೆ ಬಿದ್ದಿರ್ತವೆ ಅಂದೆ. ಆಗ ಊರಿಗೆಲ್ಲ ಒಂದೇ ಕಡೆ ಸಾಕಿದ ಚಾಕಿ ಮರಿಹುಳು ಬರ್ತಿದ್ದಿದ್ದು. ಮಲಗಿದ್ರೆ ಊರಿಗೂರೇ ಮಲಗೋದು. ನೋಡಿ, ಒಬ್ಬರೂ ತಪ್ಪಿಸ್ಕೊಂಡಿಲ್ಲ!"

ನಗು ಎದ್ದಿತು, ಚಪ್ಪಾಳೆ ಬಿತ್ತು. ವೇದಿಕೆಯ ಮೇಲಿದ್ದ, ಶಾಲೆಗೆ ಜಾಗ ಬಿಟ್ಟುಕೊಟ್ಟ ಹಿರಿಯರಾದ ಪದ್ಮಶ್ರೀಯ ತಂದೆ ಮುನಿಶಾಮಪ್ಪ, ಊಟದ ಏರ್ಪಾಟು ನೋಡಬೇಕೆಂದು ಕೋಲೂರಿಕೊಂಡು ಇಳಿದುಹೋದರು.

ಪದ್ಮಶ್ರೀಯ ಕೈ ಮಾತ್ರ ಚಪ್ಪಾಳೆಯ ಮಧ್ಯೆ ನಿಂತುಹೋಯಿತು.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಮಲಗುತ್ತದೆ. ಅದಕ್ಕೇ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ನಿದ್ದೆ, ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಅಷ್ಟು ಹೊತ್ತು ಒಂದೆಲೆಯನ್ನೂ ಹಾಕುವಂತಿಲ್ಲ. ಹಾಕಿದರೆ ಮೊದಲು ಎದ್ದ ಹುಳು ತಿಂದು ದಪ್ಪವಾಗಿ, ಮಲಗಿದ್ದದ್ದು ಸಣ್ಣದಾಗಿ ಉಳಿದು ಬೆಳೆಯೇ ಏರುಪೇರಾಗುತ್ತದೆ. ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಿ ಬಾಗಿಲೆಳೆದುಕೊಂಡರೆ ಮನೆಮಂದಿಗೆ ಹಬ್ಬ. ಮಂಕರಿ ಮೂಲೆ ಸೇರುತ್ತದೆ. ಇದು ಈ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಹಾಗಿದ್ದರೆ ಸುನೀಲ ಯಾವ ಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದ?

ಆಗಿನ ಇನ್‌ಸ್ಪೆಕ್ಟರಿಗೆ ಇದು ಹೊಳೆಯುವಂತಿರಲಿಲ್ಲ. ಅವರು ಸಮುದ್ರದ ಕಡೆಯವರು. ತೆಂಗು ಗೊತ್ತಿತ್ತು, ಹುಳು ಗೊತ್ತಿರಲಿಲ್ಲ. ಊರವರಿಗೆ ಹುಳು ಗೊತ್ತಿತ್ತು, ಆದರೆ ಸೊಪ್ಪು ಕೊಯ್ಯುತ್ತಿದ್ದೆನೆಂದು ಸುನೀಲ ಠಾಣೆಯೊಳಗೆ ಹೇಳಿದ್ದು ಗೊತ್ತಿರಲಿಲ್ಲ. ಎರಡೂ ಒಟ್ಟಿಗೆ ಒಂದೇ ಕಿವಿಗೆ ಬೀಳಲು ಇಪ್ಪತ್ತೇಳು ವರ್ಷವೂ ಒಂದು ಗುರುವಂದನೆಯೂ ಬೇಕಾಯಿತು.

*

ಊಟದ ಸಾಲಿನಲ್ಲಿ ಹಿತಕಿದ ಬೇಳೆ ಸಾರಿನ ಘಮ ಎದ್ದಿತ್ತು. ಪದ್ಮಶ್ರೀ ತಟ್ಟೆ ಹಿಡಿಯದೆ ಮೇಷ್ಟ್ರ ಪಕ್ಕ ಹೋಗಿ ಕೂತಳು.

"ಸಾರ್, ಆ ಗುರುವಾರ ನಾಲ್ಕನೇ ಜ್ವರಾನೇ ಅಂತ ಖಂಡಿತಾನಾ?"

"ಖಂಡಿತ ಕಣಮ್ಮ. ಮಾರನೇ ದಿನ ಹುಳು ಎದ್ದಿತ್ತು. ಕವಿತಳ ಮಣ್ಣಿಗೆ ಬಂದೋರೆಲ್ಲ ಅಲ್ಲಿಂದ ಸೀದಾ ತೋಟಕ್ಕೆ ಓಡಿದ್ರು. ದುಃಖ ಇದ್ರೂ ಹುಳು ಕಾಯಲ್ವಲ್ಲ. ನಂಗೆ ಅವತ್ತು ಎಷ್ಟು ಕೋಪ ಬಂದಿತ್ತು ಗೊತ್ತಾ..." ಮೇಷ್ಟ್ರು ಮಾತು ನಿಲ್ಲಿಸಿದರು. ಲೆಕ್ಕದ ಮೇಷ್ಟ್ರು. ಎರಡನ್ನು ಎರಡಕ್ಕೆ ಕೂಡಿಸಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಕೈ ಪೇಟದ ಕಡೆ ಹೋಗಿ, ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಿತು.

"ಸೊಪ್ಪು ಕೊಯ್ತಿದ್ದೆ ಅಂದ್ನಲ್ಲಮ್ಮ ಅವನು," ಎಂದರು ಮೆಲ್ಲಗೆ.

"ಹೂಂ ಸಾರ್."

"ಅವಳೂ ನನ್ನ ಮಗು, ಅವನೂ ನನ್ನ ಮಗು. ನಾನು ಬಾಯಿ ಮುಚ್ಕೊಂಡು ಮುದ್ದೆ ಉಣ್ಣಬೇಕಾಗಿತ್ತು."

ಅವಳು ಅವರ ತೊಡೆಯ ಮೇಲಿದ್ದ ಪೇಟವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಎದ್ದಳು.

ನೀರಿನ ಡ್ರಮ್ಮಿನ ಹತ್ತಿರ ಜಗನ್ ನಿಂತಿದ್ದ. ಈಗ ಚಿಂತಾಮಣಿಯಲ್ಲಿ ಕಾಲೇಜು ಉಪನ್ಯಾಸಕ. ಆಗ ಕೇರಿಯಿಂದ ಬರುತ್ತಿದ್ದ, ಕವಿತಳ ಜೊತೆ ಕೂತು ಲೆಕ್ಕ ಬಿಡಿಸುತ್ತಿದ್ದ ಹುಡುಗ. ಅವಳು ಸತ್ತ ಮೇಲೆ ಊರಿನ ಕೆಲವು ಬಾಯಿಗಳು ಮೊದಲು ಅಂದದ್ದು ಇವನ ಹೆಸರನ್ನೇ. ಹತ್ತನೇ ತರಗತಿ ಮುಗಿಸಿ ಹೋದವನು ಈವತ್ತೇ ಈ ಅಂಗಳಕ್ಕೆ ಕಾಲಿಟ್ಟಿದ್ದು.

"ನೀನು ಚಪ್ಪಾಳೆ ನಿಲ್ಲಿಸಿದ್ದು ನೋಡ್ದೆ ಪದ್ದು," ಎಂದ ಅವನು. "ನಂಗೂ ಹೊಳೀತು. ನಮ್ಮನೇಲಿ ಹುಳು ಇರ್ಲಿಲ್ಲ, ಬೇರೆಯವರ ತೋಟಕ್ಕೆ ಕೂಲಿಗೆ ಹೋಗ್ತಿದ್ವಿ. ಜ್ವರ ಅಂದ್ರೆ ನಮಗೆ ಕೂಲಿ ಇಲ್ಲದ ದಿನ. ಮರೆಯೋಕಾಗುತ್ತಾ?"

"ಮತ್ತೆ ಯಾಕೆ ಸುಮ್ನಿದೀಯ?"

ಜಗನ್ ಲೋಟದ ನೀರನ್ನು ನೋಡಿದ. "ಸುನೀಲ 'ಒಬ್ಬಳೇ ಹೋದ್ಲು' ಅಂದಿದ್ದಕ್ಕೆ ನಾನು ಬಚಾವಾದೆ. ಆ ಒಂದು ಮಾತಿಲ್ದಿದ್ರೆ ನಮ್ಮಪ್ಪ ಮುನಿಗಂಗಪ್ಪನ್ನೂ ನನ್ನನ್ನೂ ಊರು ಏನು ಮಾಡ್ತಿತ್ತೋ. ಈಗ ಆ ಮಾತು ಸುಳ್ಳು ಅಂತಾದ್ರೆ ಮತ್ತೆ ಮೊದಲು ನನ್ನ ಹೆಸರೇ ಬರುತ್ತೆ. ಆದ್ರೂ ಕೇಳು. ನೀನು ಕೇಳ್ದೇ ಇದ್ರೆ ಇನ್ಯಾರೂ ಕೇಳಲ್ಲ."

ಇಷ್ಟು ಹೇಳಿ ಅವನು ನೀರು ಕುಡಿದು ಊಟದ ಸಾಲಿಗೆ ಹೋಗಿ ನಿಂತುಕೊಂಡ. ಅವನ ಮೇಲೆ ಪದ್ಮಶ್ರೀಗೆ ಗೌರವ ಹುಟ್ಟಿತು. ಗೌರವ ಹುಟ್ಟಿತೆಂದು ಶಂಕಿತರ ಪಟ್ಟಿಯಿಂದ ಹೆಸರು ಹೊಡೆಯುವ ಅಭ್ಯಾಸ ಅವಳಿಗಿರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಈಗ ಮೊದಲು ನಿಂತಿದ್ದವನು ಸುನೀಲ.

ಸುನೀಲ ಎಲ್ಲಿ? ಊಟಕ್ಕೆ ಕೂತಿರಲಿಲ್ಲ. ಹುಳುವಿಗೆ ಸೊಪ್ಪು ಹಾಕಿ ಬರುತ್ತೇನೆಂದು ಹೋದನಂತೆ. ಅವನ ಹುಳು ಮನೆ ಶಾಲೆಯ ಹಿಂದೆಯೇ, ಹಳೆಯ ಬಾವಿಯನ್ನು ಮುಚ್ಚಿದ ಜಾಗಕ್ಕೆ ಕೂಗಳತೆಯಲ್ಲಿತ್ತು.

ಗೇಟಿನ ಹತ್ತಿರ ಓಬಳಮ್ಮ ಎದುರಾದಳು. ತೆಳ್ಳಗಿನ ಮುದುಕಿ, ಮಗಳ ಫ್ಲೆಕ್ಸನ್ನು ನೋಡಲಾರದೆ ಶಾಮಿಯಾನದ ಹೊರಗೇ ಕೂತಿದ್ದಳು.

"ಪದ್ದಮ್ಮ, ಎಲ್ಲಿಗೋಗ್ತಿದೀಯ ತಾಯಿ? ಉಂಡ್ಯಾ?"

"ಇಲ್ಲಮ್ಮ. ಒಂದು ಕೇಳ್ಲಾ? ಅವತ್ತು ಕವಿತ ನಿಮ್ಮನೆ ಬಿಂದಿಗೆ ತಗೊಂಡು ಹೋಗಿದ್ಳಾ?"

ಓಬಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈ ಪ್ರಶ್ನೆಗೆ ಅವಳು ಎಷ್ಟು ಕಾದಿದ್ದಳೆಂದು ಆ ಒತ್ತುವಿಕೆಯಲ್ಲೇ ಗೊತ್ತಾಗುತ್ತಿತ್ತು.

"ನಮ್ಮನೇಲಿ ಇದ್ದಿದ್ದೇ ಒಂದು ಬಿಂದಿಗೆ ಕಣಮ್ಮ. ಅದು ಒಲೆ ಪಕ್ಕ ತುಂಬಿಟ್ಟಿದ್ದು ಇಟ್ಟಂಗೇ ಇತ್ತು. ಬಾವಿ ಕಟ್ಟೆ ಮೇಲೆ ಸಿಕ್ಕಿದ್ದು ಯಾರದೋ. ಆವತ್ತೇ ಹೇಳ್ದೆ. ನಾ ತಲ್ಲೀ, ನನ್ನಮ್ಮಾ, ಅಳ್ತಾ ಇರೋಳ ಮಾತು ಯಾರು ಕೇಳ್ತಾರೆ? ಯಾರದೋ ಮನೇದು ತಗೊಂಡಿರ್ತಾಳೆ ಬಿಡು ಅಂದ್ರು."

ಮನೆಯಲ್ಲಿ ನೀರು ತುಂಬಿದ್ದರೂ, ಇನ್ನೊಬ್ಬರ ಬಿಂದಿಗೆ ಹಿಡಿದು, ಶಾಲೆಯ ಹಿಂದಿನ ಬಾವಿಗೆ ಹೋಗುವ ಹುಡುಗಿ ಯಾರು? ಬಿಂದಿಗೆ ತಾನಾಗಿ ಅಲ್ಲಿಗೆ ನಡೆದು ಹೋಗಿರಲಾರದು. ಯಾರೋ ತಂದಿಟ್ಟಿದ್ದರು.

"ನಾನೂ ಬರ್ತೀನಿ," ಎಂದಳು ಓಬಳಮ್ಮ, ಪದ್ಮಶ್ರೀಯ ಮುಖವನ್ನೇ ನೋಡುತ್ತ. "ಒಳಗೆ ಬರಲ್ಲ. ಹೊರಗೆ ಕೂತಿರ್ತೀನಿ. ನೀನು ಕೇಳ್ಕೊಂಡು ಬಾ."

ಪದ್ಮಶ್ರೀ ಅವಳ ಕೈ ಹಿಡಿದು ಗೇಟು ದಾಟಿಸಿದಳು.

*

ಹುಳು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತೊಟ್ಟಿಯ ಔಷಧಿ ನೀರಿನಲ್ಲಿ ಪಾದ ಅದ್ದಿ, ಸೊಳ್ಳೆಪರದೆಯಂಥ ಬಲೆ ಸರಿಸಿ ಪದ್ಮಶ್ರೀ ಒಳಗೆ ಹೋದಳು. ಹಂತ ಹಂತವಾಗಿ ಕಟ್ಟಿದ ಅಂಕಣಗಳ ತುಂಬ ಹುಳು. ಸಾವಿರಾರು ಬಾಯಿಗಳು ಎಲೆ ಕತ್ತರಿಸುವ ಸದ್ದು ಎಡೆಬಿಡದೆ ಬರುತ್ತಿತ್ತು. ಹೊರಗಿನ ಮೈಕಿನ ಗದ್ದಲ ಇಲ್ಲಿಗೆ ಕೇಳುತ್ತಿರಲಿಲ್ಲ.

ಸುನೀಲ ಹೊಸ ಅಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲಿ ನಿಂತು ಕಡ್ಡಿ ಸಮೇತ ಸೊಪ್ಪು ಹರಡುತ್ತಿದ್ದ.

"ಏನ್ ಮೇಡಂ, ಹೋಳಿಗೆ ಬಿಟ್ಟು ಹುಳು ನೋಡೋಕೆ ಬಂದ್ರಾ?"

"ಹೋಳಿಗೆ ಎಲ್ಲೂ ಹೋಗಲ್ಲ ಬಿಡೋ." ಅವಳೂ ಒಂದು ಹೊರೆ ಎತ್ತಿಕೊಂಡು ಎದುರು ಸಾಲಿಗೆ ಹರಡತೊಡಗಿದಳು. ಕೈಗಳು ಏನನ್ನೂ ಮರೆತಿರಲಿಲ್ಲ. "ಚೆನ್ನಾಗಿ ಮೇಯ್ತಿದಾವೆ. ಯಾವ ಜ್ವರ ಎದ್ದಿದಾವೆ?"

"ನಾಲ್ಕು. ನೆನ್ನೆ ಬೆಳಿಗ್ಗೆ ಎದ್ವು."

"ಹಂಗಾದ್ರೆ ಮೊನ್ನೆ ಮಧ್ಯಾಹ್ನ ಎಷ್ಟು ಹೊರೆ ಕೊಯ್ಸಿದ್ದೆ?"

ಸುನೀಲ ಗಟ್ಟಿಯಾಗಿ ನಕ್ಕ. "ಏನೇ ಪದ್ದು, ಪೊಲೀಸ್ ಆದ್ಮೇಲೆ ಹುಳು ಮರ್ತೇಹೋಯ್ತಾ? ಜ್ವರದಲ್ಲಿ ಯಾವನಾದ್ರೂ ಸೊಪ್ಪು ಕೊಯ್ತಾನಾ?"

"ನೀನು ಕೊಯ್ದಿದ್ಯಲ್ಲ. ಫೋಟೋ ತೆಗೆದ ದಿನ."

ನಗು ಅವನ ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ಮಾಲೀಕ ಮನೆ ಬಿಟ್ಟುಹೋದ ಮೇಲೂ ಉರಿಯುವ ದೀಪದ ಹಾಗೆ. ಆಮೇಲೆ ಅದೂ ಹೋಯಿತು. ಕೈಯಲ್ಲಿದ್ದ ಕಡ್ಡಿ ಕೈಯಲ್ಲೇ ಉಳಿಯಿತು.

"ಅದು... ಮಾರನೇ ದಿನ ಎದ್ಮೇಲೆ ಹಾಕೋಕೆ."

"ಮಾರ್ಚ್ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಕೊಯ್ದು ಬಾಡಿಹೋದ ಸೊಪ್ಪನ್ನ, ಮಾರನೇ ಬೆಳಿಗ್ಗೆ ಆಗ ತಾನೇ ಜ್ವರ ಎದ್ದ ಹುಳಕ್ಕೆ? ನಿಮ್ಮಮ್ಮ ಅಶ್ವತ್ಥಮ್ಮ ನಿನ್ನನ್ನ ಮಂಕರಿ ಸಮೇತ ತಿಪ್ಪೆಗೆ ಹಾಕ್ತಿರ್ಲಿಲ್ವಾ?"

ಸುನೀಲ ಕಡ್ಡಿಯನ್ನು ಹೊರೆಯ ಮೇಲಿಟ್ಟ.

"ಬಿಂದಿಗೆ ಹಿಡ್ಕೊಂಡು ಹೋಗ್ತಿದ್ದಳು ಅಂದೆ. ಓಬಳಮ್ಮನ ಮನೆ ಬಿಂದಿಗೆ ಮನೇಲೇ ಇತ್ತಂತೆ. ಸುನೀಲ, ನಾನು ಯೂನಿಫಾರ್ಮಲ್ಲಿ ಬಂದಿಲ್ಲ ಕಣೋ. ಇದು ನನ್ನ ಠಾಣೆಗೆ ಸೇರಿದ ಊರೂ ಅಲ್ಲ. ಆದರೆ ಇವತ್ತು ನೀನು ಹೇಳ್ದೇ ಇದ್ರೆ, ನಾಳೆ ಬೇರೆಯವರು ಬಂದು ಕೇಳೋ ಥರ ನಾನೇ ಮಾಡ್ತೀನಿ. ಅವತ್ತು ನೀನು ತೋಟದಲ್ಲಿ ಏನು ಮಾಡ್ತಿದ್ದೆ?"

"ನಾನು ತೋಟದಲ್ಲೇ ಇರ್ಲಿಲ್ಲ."

ಅವನು ಹೊರೆಯ ಮೇಲೆಯೇ ಕುಸಿದು ಕೂತ.

"ಫೋಟೋದವನ ಲೂನಾ ಹತ್ಕೊಂಡು ಶಿಡ್ಲಘಟ್ಟಕ್ಕೆ ಹೋಗ್ಬಿಟ್ಟೆ. ಮ್ಯಾಟಿನಿ ಸಿನಿಮಾ ನೋಡೋಕೆ. ಪರೀಕ್ಷೆ ಹತ್ರ ಇತ್ತು, ಅಪ್ಪನಿಗೆ ಗೊತ್ತಾಗಿದ್ರೆ ಚರ್ಮ ಸುಲೀತಿದ್ದ. ಹೊತ್ತು ಮುಳುಗೋ ಹೊತ್ತಿಗೆ ಬಸ್ ಇಳಿದೆ. ಕವಿತನ್ನ ನಾನು ನೋಡೇ ಇಲ್ಲ ಪದ್ದು. ಫೋಟೋ ತೆಗೆಸ್ಕೊಂಡ ಮೇಲೆ ಅವಳ ಮುಖಾನೇ ನೋಡಿಲ್ಲ."

"ಸ್ಟೇಜ್ ಮೇಲೆ ಅತ್ತೆಯಲ್ಲ?"

"ಸುಳ್ಳು ಅಳು ಅಲ್ಲ ಕಣೇ ಅದು. ಹೇಳ್ತಾ ಹೇಳ್ತಾ ನಂಗೇ ಕಾಣೋಕೆ ಶುರುವಾಗೋಯ್ತು. ಎರಡು ಜಡೆ, ಟೇಪು, ಕಂಕುಳಲ್ಲಿ ಬಿಂದಿಗೆ. ಕನಸಲ್ಲಿ ಬರ್ತಾಳೆ. ನಾನು ಕೂಗ್ತೀನಿ, ಅವಳು ತಿರುಗಲ್ಲ. ನಾನು ನೋಡದೇ ಇದ್ದದ್ದಕ್ಕೆ ಇಷ್ಟು ವರ್ಷ ಅತ್ತಿದೀನಿ ನಾನು."

ಪದ್ಮಶ್ರೀ ನಂಬಿದಳು. ಸುಳ್ಳುಗಾರರನ್ನು ದಿನವೂ ಕಂಡವಳು ಅವಳು. ತನ್ನ ಸುಳ್ಳಿಗೇ ಹೀಗೆ ಸಿಕ್ಕಿಬಿದ್ದವನನ್ನು ಮಾತ್ರ ಕಂಡಿರಲಿಲ್ಲ. ಅವನ ಮೇಲೆ ಸಿಟ್ಟು ಬರಬೇಕಾದಲ್ಲಿ ಕನಿಕರ ಬಂತು, ಆ ಕನಿಕರದ ಮೇಲೆ ಸಿಟ್ಟು ಬಂತು.

"ನೀನು ನೋಡಿಲ್ಲ. ಬಿಂದಿಗೆ, ಬಾವಿ, ಒಬ್ಬಳೇ. ಇಷ್ಟನ್ನ ಹೇಳಿಕೊಟ್ಟೋರು ಯಾರು?"

"ಸೊಪ್ಪು ಕೊಯ್ತಿದ್ದೆ ಅಂದಿದ್ದು ಮಾತ್ರ ನಾನೇ," ಎಂದ ಸುನೀಲ, ಪ್ರಶ್ನೆ ಕೇಳಿಸದವನ ಹಾ‌ಗೆ. "ನೀನಲ್ಲೇನು ಮಾಡ್ತಿದ್ದೆ ಅಂತ ಇನ್‌ಸ್ಪೆಕ್ಟರ್ ಕೇಳಿದ್ರು. ಅದನ್ನ ಯಾರೂ ಹೇಳಿಕೊಟ್ಟಿರ್ಲಿಲ್ಲ. ದಿನಾ ಮಾಡೋ ಕೆಲಸ ಬಾಯಿಗೆ ಬಂತು, ಹೇಳ್ಬಿಟ್ಟೆ. ಜ್ವರದ ದಿನ ಅಂತ ಹೊಳೀಲೇ ಇಲ್ಲ. ಇವತ್ತಿನವರೆಗೂ ಹೊಳೆದಿರ್ಲಿಲ್ಲ."

"ಯಾರು ಸುನೀಲ?"

"ಬಿಟ್ಬಿಡು. ಗೊತ್ತಾಗಿ ನಿಂಗೇನಾಗ್ಬೇಕು?"

"ಓಬಳಮ್ಮನಿಗೆ ಮಾತು ಕೊಟ್ಟಿದೀನಿ. ಅವರು ಹೊರಗೆ ಕೂತಿದಾರೆ. ಯಾರೇ ಆಗಿರ್ಲಿ, ಇವತ್ತು ಅವರಿಗೆ ಹೇಳ್ದೇ ನಾನು ಈ ಊರು ಬಿಡಲ್ಲ."

"ಯಾರೇ ಆಗಿರ್ಲಿ?"

"ಯಾರೇ ಆಗಿರ್ಲಿ."

ಸುನೀಲ ತಲೆಯೆತ್ತಿ ಅವಳನ್ನು ನೋಡಿದ. ಪರೀಕ್ಷೆಯಲ್ಲಿ ಅವಳು ಉತ್ತರ ತೋರಿಸದೆ ಹೋದಾಗಲೂ ಅವನು ಹೀಗೆ ನೋಡಿರಲಿಲ್ಲ. ಆ ನೋಟದಲ್ಲಿದ್ದದ್ದು ಮರುಕ.

"ನಿಮ್ಮಪ್ಪ," ಎಂದ.

ಹುಳುಗಳು ಮೇಯುತ್ತಲೇ ಇದ್ದವು.

"ಬೊಗಳಬೇಡ." ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

"ನಿನ್ನ ಕಾಲಿಗೆ ಬೀಳ್ತೀನಿ ಪದ್ದು, ನಂಬಬೇಡ ಬೇಕಾದ್ರೆ. ಬಸ್ ಇಳಿದಾಗ ನಿಮ್ಮಪ್ಪ ಅರಳೀಕಟ್ಟೆ ಹತ್ರ ನಿಂತಿದ್ರು. ಕರೆದ್ರು. ಸಿನಿಮಾಕ್ಕೆ ಹೋಗಿದ್ಯೇನೋ ಅಂದ್ರು. ಹೂಂ ಅಂದೆ. ನಿಮ್ಮನೇಲಿ ಹೇಳಲ್ಲ, ನೀನೊಂದು ಕೆಲಸ ಮಾಡು ಅಂದ್ರು. ಓಬಳಮ್ಮ ಮಗಳನ್ನ ಹುಡುಕ್ಕೊಂಡು ಬರ್ತಾಳೆ, ಕೇಳಿದ್ರೆ ಬಿಂದಿಗೆ ಹಿಡ್ಕೊಂಡು ಇಸ್ಕೂಲ್ ಹಿಂದಿನ ಬಾವಿ ಕಡೆ ಒಬ್ಬಳೇ ಹೋಗಿದ್ದನ್ನ ನೋಡ್ದೆ ಅನ್ನು, ಅಷ್ಟೇ ಅಂದ್ರು. ಅಷ್ಟೇ. ನಾನೂ ಅಷ್ಟೇ ಅಂದ್ಕೊಂಡೆ."

"ಹೆಣ ಸಿಕ್ಕಿದ್ಮೇಲೆ ತಾನೇ? ಹುಡುಗಿ ಹೆಸರು ಕೆಡಬಾರದು, ಹಾರ್ಕೊಂಡಳು ಅಂತ ಜನ ಆಡ್ಕೋಬಾರದು ಅಂತ ಹೇಳಿರ್ತಾರೆ." ಅವಳು ಅವಸರವಸರವಾಗಿ ಮಾತಾಡುತ್ತಿದ್ದಳು. ಠಾಣೆಯಲ್ಲಿ ಇಂಥ ಅವಸರ ಮಾಡುವ ಹೆಂಡತಿಯರನ್ನೂ ಮಕ್ಕಳನ್ನೂ ಅವಳು ಎಷ್ಟೋ ಸಲ ಕಂಡಿದ್ದಳು. "ಅಲ್ವಾ? ಹೇಳೋ."

"ಹಂಗಾಗಿದ್ರೆ ನಾನು ಯಾವತ್ತೋ ನಿಂಗೆ ಹೇಳ್ಬಿಡ್ತಿದ್ದೆ." ಸುನೀಲನ ದನಿ ಇಳಿದಿತ್ತು. "ಆಗ ಇನ್ನೂ ಯಾರೂ ಹುಡುಕೋಕೇ ಶುರು ಮಾಡಿರ್ಲಿಲ್ಲ. ಓಬಳಮ್ಮತ್ತೆ ಆಮೇಲೆ ಬಂದ್ರು. ನಾನು ಬಾವಿ ಅಂದೆ. ಲಾಟೀನು ಹಿಡ್ಕೊಂಡು ಹೋದ್ರು. ಅಲ್ಲೇ ಇದ್ಳು."

ಪದ್ಮಶ್ರೀ ಹೊರೆಯಿಂದ ಇನ್ನೊಂದು ಕಡ್ಡಿ ಎತ್ತಿ ಹರಡಿದಳು.

ಅಪ್ಪ. ಬೆಳಿಗ್ಗೆ ಅವಳು ಕಾರಿನಿಂದ ಇಳಿದಾಗ "ಪದ್ದಮ್ಮ, ಸೊರಗಿದೀಯಲ್ಲಮ್ಮ" ಎಂದು ಗಲ್ಲ ಹಿಡಿದ ಅಪ್ಪ. ಕವಿತ ಸತ್ತ ಮೇಲೆ ಓಬಳಮ್ಮನನ್ನು ತಮ್ಮ ಹುಳು ಮನೆಯ ಕೆಲಸಕ್ಕೆ ಇಟ್ಟುಕೊಂಡವರು ಅವರೇ. ಅವಳ ಗುಡಿಸಲಿನ ಜಾಗದಲ್ಲಿ ಹೆಂಚಿನ ಮನೆ ಕಟ್ಟಿಸಿಕೊಟ್ಟವರೂ ಅವರೇ. ಯಾಕಪ್ಪ ಎಂದು ಊರು ಕೇಳಿದಾಗ, ಮಗಳ ಗೆಳತಿಯ ತಾಯಿ, ನಮ್ಮ ಮನೆಯವಳೇ ಅಲ್ಲವೇ ಎಂದಿದ್ದರು. ತಾನು ಪೊಲೀಸ್ ಆಗಬೇಕೆಂದು ಹೊರಟಾಗ ನೆಂಟರೆಲ್ಲ ಬೇಡವೆಂದರೂ "ನನ್ನ ಮಗಳು ನ್ಯಾಯ ಹೇಳ್ತಾಳೆ" ಎಂದು ಬೀಗಿದವರು. ಅಪ್ಪನೆಂದರೆ ಅವಳಿಗೆ ಇವತ್ತು ಬೆಳಗಿನವರೆಗೆ ಹೆಮ್ಮೆ. ಆ ಹೆಮ್ಮೆಯ ಒಂದೊಂದು ಇಟ್ಟಿಗೆಯನ್ನೂ ಈಗ ತಿರುಗಿಸಿ ಅಡಿಯಲ್ಲಿ ಏನಿದೆ ಎಂದು ನೋಡಬೇಕಾಗಿತ್ತು. ಅವಳಿಗೆ ಭಯವಾಯಿತು. ಕೊಲೆಗಾರರ ಮನೆಗಳಿಗೆ ಒಬ್ಬಳೇ ನುಗ್ಗಿದಾಗಲೂ ಆಗದಿದ್ದ ಭಯ.

"ಅವಳಿಗೂ ಅಪ್ಪನಿಗೂ ಏನು?" ಎಂದಳು ಕೊನೆಗೆ.

"ಕೇಳ್ಲಿಲ್ಲ. ಕೇಳೋ ಧೈರ್ಯ ಯಾವತ್ತೂ ಬರ್ಲಿಲ್ಲ. ನೀನೇ ಕೇಳು. ಅಲ್ಲೇ ಬಡಿಸ್ತಾ ಇದಾರೆ."

ಪದ್ಮಶ್ರೀ ಬಲೆ ಸರಿಸಿ ಹೊರಗೆ ಬಂದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಚಪ್ಪಲಿ ಹಾಕಿಕೊಳ್ಳಲು ಹೋದರೆ ಎಡದ್ದು ಬಲಕ್ಕೆ ಹೋಯಿತು.

ಹೊಂಗೆ ಮರದ ಕೆಳಗೆ ಕೂತಿದ್ದ ಓಬಳಮ್ಮ ನೆಲಕ್ಕೆ ಕೈಯೂರಿ ಎದ್ದಳು. ಹತ್ತಿರ ಬಂದು ಪದ್ಮಶ್ರೀಯ ಮುಖವನ್ನು ಓದಲು ನೋಡಿದಳು. ಅವಳ ಕೈಯಲ್ಲಿ ಒಂದು ಬಾಳೆಲೆಯ ಪೊಟ್ಟಣವಿತ್ತು.

"ನೀನು ಉಂಡಿಲ್ಲ ಅಂತ ನಿಮ್ಮಪ್ಪ ಹುಡುಗನ ಕೈಲಿ ಹೋಳಿಗೆ ಕಟ್ಟಿ ಕಳಿಸವ್ರೆ ಕಣಮ್ಮ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಹೇಳಿದ್ನಾ ಸುನೀಲ? ಯಾರಂತೆ ತಾಯಿ?"

ಅದು ಬರೀ ಒಂದು ಪ್ರಶ್ನೆ. ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು, ಎಷ್ಟೋ ತಾಯಂದಿರಿಗೆ ಪದ್ಮಶ್ರೀ ನೇರವಾಗಿ ಉತ್ತರ ಹೇಳಿದ್ದಳು. ಮುದುಕಿಯ ಕಣ್ಣು ಅವಳ ಬಾಯಿಯ ಮೇಲೇ ಇತ್ತು. ಶಾಮಿಯಾನದ ಕಡೆಯಿಂದ ಅಪ್ಪನ ದನಿ ಕೇಳಿಸಿತು, ಯಾರಿಗೋ ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ ಎಂದು ಬಲವಂತ ಮಾಡುತ್ತಿದ್ದರು. ಅದೇ ದನಿ, ಅದೇ ಅಕ್ಕರೆ.

"ಇಲ್ಲಮ್ಮ," ಎಂದಳು ಪದ್ಮಶ್ರೀ. "ಇನ್ನೂ ಬಾಯಿ ಬಿಟ್ಟಿಲ್ಲ."

ಓಬಳಮ್ಮ ತಲೆಯಾಡಿಸಿದಳು. ನಿರಾಸೆಯಾದರೂ ಅವಳು ಗೊಣಗಲಿಲ್ಲ. ಪೊಟ್ಟಣವನ್ನು ಪದ್ಮಶ್ರೀಯ ಕೈಗಿಟ್ಟು, ಆ ಕೈಯನ್ನು ಒಂದು ಸಲ ಸವರಿದಳು. "ಆಗ್ಲಿ ತಾಯಿ. ನೀನಿದೀಯಲ್ಲ, ಅಷ್ಟು ಸಾಕು."

ಹಿಂದೆ ಬಲೆ ಸರಿದ ಸದ್ದಾಯಿತು. ಬನಿಯನ್ನಿನಲ್ಲೇ ಸುನೀಲ ಹೊರಗೆ ಬಂದು ನಿಂತಿದ್ದ, ಬರಿಗಾಲಲ್ಲಿ. ಅವನ ಮುಖ ಬಿಳಿಚಿತ್ತು, ಆದರೆ ದನಿ ನಡುಗುತ್ತಿರಲಿಲ್ಲ.

"ಓಬಳಮ್ಮತ್ತೆ, ಸ್ವಲ್ಪ ನಿಂತ್ಕೊಳ್ಳಿ," ಎಂದ. "ಪದ್ದು ಸುಳ್ಳು ಹೇಳ್ತಿದಾಳೆ."